ಐದು ವರ್ಷವೋ, ಆರು ವರ್ಷವೋ

ವಕೀಲ ಶಂಭುಲಿಂಗಪ್ಪನವರು ಕನ್ನಡಕವನ್ನು ಹಣೆಗೇರಿಸಿ, ಡೈರಿಯ ಹಾಳೆ ತಿರುವಿ, ಮುಂದಿನ ಸೋಮವಾರದ ಮೇಲೆ ಬೆರಳಿಟ್ಟರು. ಎರಡೂ ಕಡೆಯ ಮಾತು ಕೇಳಿಯಾಯಿತು, ಇನ್ನು ತೀರ್ಮಾನವನ್ನು ಅಂದೇ ಮಾಡೋಣ ಎಂದರು. ಮಡಿವಾಳೆಪ್ಪ ಗೋಣು ಹಾಕಿ ಎದ್ದು ನಿಂತ. ಪಕ್ಕದ ಕುರ್ಚಿಯಲ್ಲಿದ್ದ ಮಗಳು ಶಿವಗಂಗವ್ವ ಏಳಲಿಲ್ಲ. ಇದು ಅವಳು ಬಂದು ಕೂತ ಮೂರನೆಯ ಸೋಮವಾರ.

ವಿಷಯವೇನೂ ದೊಡ್ಡದಲ್ಲ. ಪಿಯುಸಿ ಪಾಸಾದ ಹುಡುಗಿಗೆ ವಕೀಲಿ ಕಲಿಯುವ ಆಸೆ. ಪಿಯುಸಿ ಮುಗಿದ ಕೂಡಲೇ ಸೇರಬಹುದಾದ ಐದು ವರ್ಷದ ಕೋರ್ಸು ಈಗೀಗ ಬಂದಿತ್ತು. ಹಳೆಯ ದಾರಿಯೆಂದರೆ ಮೊದಲು ಮೂರು ವರ್ಷ ಬಿ.ಎ., ಆಮೇಲೆ ಮೂರು ವರ್ಷ ಕಾಯ್ದೆ. ಯಾವುದು ಒಳ್ಳೆಯದೆಂದು ತಮ್ಮೂರು ದುಮ್ಮವಾಡದಲ್ಲಿ ಹೇಳುವವರಾದರೂ ಯಾರು? ಹೊಲದ ಬದುವಿನ ಮೇಲಿದ್ದ ಒಂದು ಜಾಲಿಗಿಡಕ್ಕಾಗಿ ದಾಯಾದಿಗಳ ಮೇಲೆ ಹತ್ತೊಂಬತ್ತು ವರ್ಷದಿಂದ ಕೇಸು ನಡೆಸುತ್ತಿದ್ದ ಮಡಿವಾಳೆಪ್ಪನಿಗೆ ಲೋಕದಲ್ಲಿ ತಿಳಿದವರೆಂದರೆ ಕಲಘಟಗಿಯ ಈ ವಕೀಲರೊಬ್ಬರೇ. ಗಿಡ ಯಾವುದೋ ಮಳೆಗಾಳಿಗೆ ಉರುಳಿ ಒಲೆ ಸೇರಿ ಎಷ್ಟೋ ವರ್ಷವಾಗಿತ್ತು. ಕೇಸು ಮಾತ್ರ ಇನ್ನೂ ಚಿಗುರುತ್ತಿತ್ತು.

ಮೊದಲ ಸೋಮವಾರ ವಕೀಲರು ಐದು ವರ್ಷದ ಪರ ವಾದಿಸಿದ್ದರು. ಒಂದು ವರ್ಷ ಉಳಿಯುತ್ತದೆ, ಎಳೆಯ ವಯಸ್ಸಿಗೇ ಕಾಯ್ದೆ ಮೈಗೂಡುತ್ತದೆ. ಮಡಿವಾಳೆಪ್ಪ ಹೌದ್ರಿ ಎಂದಿದ್ದ. ಎರಡನೆಯ ಸೋಮವಾರ ಅವರೇ ಎದುರು ಪಕ್ಷ ಹಿಡಿದರು. ಐದು ವರ್ಷದ್ದನ್ನು ನಡುವೆ ಬಿಟ್ಟರೆ ಅತ್ತ ಬಿ.ಎ.ಯೂ ಇಲ್ಲ, ಇತ್ತ ವಕೀಲಿಯೂ ಇಲ್ಲ. ಅದೇ ಬಿ.ಎ. ಮಾಡಿಸಿಟ್ಟರೆ, ಒಳ್ಳೆಯ ಮನೆತನ ಬಂದಾಗ ಕೊಟ್ಟು ಕೈ ತೊಳೆದುಕೊಳ್ಳಬಹುದು. ಮಡಿವಾಳೆಪ್ಪ ಅದಕ್ಕೂ ಹೌದ್ರಿ ಎಂದಿದ್ದ. ಎರಡೂ ಕಡೆಯ ವಾದವನ್ನು ಒಂದೇ ಬಾಯಿ ಇಷ್ಟು ಚಂದ ಮಾಡಿದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಗುರುತಿನವರಿಗೆಲ್ಲ ಅದನ್ನೇ ಹೇಳಿಕೊಂಡು ಬಂದ.

ಶಿವಗಂಗವ್ವನ ಜೀವ ಝಲ್ಲೆಂದದ್ದು ಆ ಎರಡನೆಯ ಮಾತಿಗೇ. ಚಿಕ್ಕಪ್ಪನ ಮಗಳು ಅನ್ನವ್ವ ಮಾಸ್ತರಿಕೆ ಮಾಡುತ್ತೇನೆಂದು ಬಿ.ಎ. ಸೇರಿದವಳು ಎರಡನೇ ವರ್ಷಕ್ಕೇ ಬಾಸಿಂಗ ಕಟ್ಟಿಸಿಕೊಂಡು ಅಣ್ಣಿಗೇರಿಗೆ ನಡೆದಿದ್ದಳು. ಹೆಣ್ಣುಮಕ್ಕಳಿಗೆ ಬಿ.ಎ. ಎಂಬುದು ಕಾಲೇಜಲ್ಲ, ಗಂಡು ಬರುವ ತನಕ ಕೂಡ್ರಿಸಿಡುವ ಬಸ್‌ಸ್ಟ್ಯಾಂಡು. ಐದು ವರ್ಷದ ಗಾಡಿಗೆ ನಡುವೆ ಇಳಿಯುವ ಊರಿಲ್ಲ. ಹಿರಿಯರು ಯಾವುದನ್ನು ಅದರ ಕೊರತೆ ಎಂದರೋ ಅದನ್ನೇ ಅವಳು ನೆಚ್ಚಿಕೊಂಡಿದ್ದಳು. ಅಜ್ಜಿ ಕಸ್ತೂರೆವ್ವನ ಕಥೆಗಳಲ್ಲೂ ದಾರಿ ಎರಡಾಗಿ ಸೀಳುತ್ತಿತ್ತು: ಹೋದವರು ಹೊಳ್ಳಿ ಬರುವ ದಾರಿ ಒಂದು, ಹೋದವರು ಹೊಳ್ಳಿ ಬಾರದ ದಾರಿ ಇನ್ನೊಂದು. ರಾಜಕುಮಾರ ಎಂದೂ ಎರಡನೆಯದನ್ನೇ ಹಿಡಿಯುತ್ತಿದ್ದ. ಕುದುರೆ ನಿಲ್ಲಿಸಿ ಯಾವ ವಕೀಲರನ್ನೂ ಕೇಳುತ್ತಿರಲಿಲ್ಲ.

"ಅರ್ಜಿ ಕೊಡಾಕ ನಾಳೆ ಕಡೀ ದಿನ ಐತ್ರಿ," ಎಂದಳು.

ವಕೀಲರು ನಕ್ಕರು. "ಅದಕ್ಯಾಕ ಅಂಜತಿಯವಾ? ತಡಾ ಆತಂದ್ರ, ತಡಾ ಯಾಕಾತಂತ ಇನ್ನೊಂದು ಅರ್ಜಿ ಹಾಕೂಣಂತ."

"ಕಾಲೇಜಿನ್ಯಾಗ ಅದು ನಡಿಯೂದಿಲ್ರಿ."

"ಸುಮ್ನಿರಬೇ," ಎಂದು ಮಡಿವಾಳೆಪ್ಪ ಗದರಿದ. "ಹತ್ತೊಂಬತ್ತು ವರ್ಷ ಆತು, ಸಾಹೇಬ್ರು ಒಂದಾದ್ರೂ ತಾರೀಖು ತಪ್ಪಿಸ್ಯಾರೇನು?"

ಅಷ್ಟರಲ್ಲಿ ಒಳಗಿನಿಂದ ಊಟಕ್ಕೆ ಕರೆ ಬಂತು. ವಕೀಲರು ಡೈರಿ ಮುಚ್ಚಿ ಎದ್ದುಹೋದರು. ಮಡಿವಾಳೆಪ್ಪ ಚಪ್ಪಲಿ ಹುಡುಕತೊಡಗಿದ. ಶಿವಗಂಗವ್ವ ಕೈಚೀಲದಿಂದ ಎರಡು ಅರ್ಜಿ ತೆಗೆದಳು. ಬಿ.ಎ.ಯದನ್ನು ಮಡಚಿ ಮತ್ತೆ ಚೀಲಕ್ಕೇ ತುರುಕಿದಳು. ಇನ್ನೊಂದನ್ನು ಮೇಜಿನ ಮೇಲೆ ಹರವಿ, ವಕೀಲರ ಕೆಂಪು-ನೀಲಿ ಪೆನ್ಸಿಲ್ಲನ್ನು ಕೈಗೆತ್ತಿಕೊಂಡಳು.

ಅಪ್ಪ ಏಳನೇ ಇಯತ್ತೆ ಓದಿದವನು, ಪೇಪರನ್ನು ಗಟ್ಟಿಯಾಗಿ ಓದಿ ಕಟ್ಟೆಯವರಿಗೆ ಕೇಳಿಸುವವನು. ಆದರೆ ಕೇಸಿನ ಕಾಗದ ಒಂದನ್ನೂ ಓದಿದವನಲ್ಲ. ವಕೀಲರು ಪೆನ್ಸಿಲ್ಲಿನಿಂದ ಗುಣಿಸು ಚಿಹ್ನೆಯ ಹಾಗೆ ಗೀಚಿಟ್ಟಲ್ಲಿ ಸಹಿ ಹಾಕುವುದು, ಗೀಚದಿದ್ದಲ್ಲಿ ಹಾಕದಿರುವುದು, ಇಷ್ಟೇ ಅವನ ಕಾಯ್ದೆ. ರೇಶನ್ ಕಾರ್ಡಿನ ಸಾಹೇಬರ ಮುಂದೆಯೂ ಗುರುತು ಹಾಕಿಕೊಡ್ರಿ ಎಂದು ಹಟ ಹಿಡಿದವನು. ಶಿವಗಂಗವ್ವ ಪಾಲಕರ ಸಹಿಯ ಜಾಗದಲ್ಲಿ ಕೆಂಪಾಗಿ ಒಂದು ಗುರುತು ಗೀಚಿದಳು.

"ಅಪ್ಪಾ, ಇಲ್ಲಿ."

ಹಾಳೆಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಐದು ವರ್ಷದ್ದು ಎಂದು ಬರೆದಿತ್ತು. ಅವನು ಓದಲಿ, ಸಿಟ್ಟಿಗೇಳಲಿ, ಒಂದು ಮಾತು ಕೇಳಲಿ ಎಂದು ಅವಳು ಕಾದಳು. ಉತ್ತರವನ್ನೂ ಕಟ್ಟಿಟ್ಟುಕೊಂಡಿದ್ದಳು. ಮಡಿವಾಳೆಪ್ಪನ ಕಣ್ಣು ನೆಟ್ಟಗೆ ಕೆಂಪು ಗುರುತಿಗೆ ಹೋಗಿ ನಿಂತಿತು. ಮುಖ ಸಡಿಲಾಯಿತು. ಒಳಂಗಿಯ ಕಿಸೆಯಿಂದ ಪೆನ್ನು ತೆಗೆದು, ಬಗ್ಗಿ, ಪೂರ್ತಿ ಹೆಸರು ಬರೆದು, ಕೆಳಗೆ ಒಂದು ಗೆರೆ ಎಳೆದ. ಅವಳು ಕಟ್ಟಿಟ್ಟುಕೊಂಡ ಉತ್ತರ ಯಾರಿಗೂ ಬೇಕಾಗಲಿಲ್ಲ.

ಮಡಿವಾಳೆಪ್ಪ ಹಾಳೆಯನ್ನು ಹೊಳ್ಳಿಸಿ ಹಿಂಬದಿ ನೋಡಿದ. ಪೆನ್ನಿನ ಟೊಪ್ಪಿಗೆ ಮುಚ್ಚದೆ, ತಲೆ ಎತ್ತದೆ, ಮಗಳನ್ನು ಕೇಳಿದ:

"ಇನ್ನ ಎಲ್ಲೆಲ್ಲಿ ಸಹಿ ಮಾಡಬೇಕ್ರಿ?"