ಅರ್ಧ ಕಾರು

ಇಳಿಜಾರಿನಲ್ಲಿ ಕಾರು ಕಿರುಚಿಕೊಂಡು ನಿಂತಾಗ ಅದರ ಮೂತಿಗೂ ಮರ್ಲ್ ಟ್ಯಾಂಟಿಯ ತಿಂಡಿ ಗಾಡಿಗೂ ನಡುವೆ ಗೇಣು ಜಾಗವಿತ್ತು. ಡಬಲ್ಸ್‌ನ ಮೆತ್ತನೆಯ ಕರಿದ ರೊಟ್ಟಿಗಳ ಮೇಲೆ ಕಡಲೆ ಪಲ್ಯ ಬಡಿಸುತ್ತಿದ್ದ, ಎಲ್ಲರಿಗೂ ಅತ್ತೆಯಂತಿದ್ದ ಆ ಮುದುಕಿಯ ಸೌಟು ಗಾಳಿಯಲ್ಲೇ ನಿಂತಿತ್ತು. ಇಂದ್ರಾಣಿ ಬ್ರೇಕಿನ ಮೇಲಿಂದ ಕಾಲು ತೆಗೆದಿರಲಿಲ್ಲ. ಹಿಂದಿನ ಸೀಟಿನಲ್ಲಿ ಎಂಟು ವರ್ಷದ ಮಗಳು ಅಂಜನಿ ಶಾಲೆಯ ಚೀಲ ತಬ್ಬಿಕೊಂಡು ಅಳುವುದನ್ನೂ ಮರೆತಿದ್ದಳು.

"ಡಬಲ್ಸ್ ಬೇಕಂದ್ರೆ ಇಳ್ಕೊಂಡ್ ಬರ್ತಾರೆ ಮಗಳೇ, ಕಾರಲ್ಲೇ ನುಗ್ಗಲ್ಲ" ಎಂದಳು ಟ್ಯಾಂಟಿ. 

ಇಂದ್ರಾಣಿಯ ಗಂಡ ಹರೇಶನ ಗ್ಯಾರೇಜು ಪಕ್ಕದ ತಿರುವಿನಲ್ಲೇ ಇತ್ತು. ಸದ್ದು ಕೇಳಿ ಅವನು ಓಡಿ ಬಂದ. "ಏನೇ ಮಾಡ್ದೆ ಕಾರಿಗೆ?"

"ನಾನೇನ್ ಮಾಡ್ದೆ? ನಿನ್ನ ಕಾರು ಏನ್ ಮಾಡ್ತು ಅಂತ ಕೇಳು! ಒಂಚೂರು ಒತ್ತಿದ್ರೆ ಹಾರತ್ತೆ, ಬ್ರೇಕ್ ತುಳಿದ್ರೆ ಜಾರತ್ತೆ!"

ನಾಲ್ಕು ವರ್ಷದ ಹಿಂದೆ, ಕಂಪನಿಯೇ ವೇಗಕ್ಕೆಂದು ಕಟ್ಟಿದ ಸೆಡಾನ್ ಕೊಳ್ಳೋಣ ಎಂದವಳು ಅವಳು. ಹರೇಶ್ ನಕ್ಕಿದ್ದ. "ಮೈ ಅದೇ, ಬಾಗಿಲು ಅದೇ. ಬರೀ ಹೆಸರಿಗೆ ದುಡ್ಡು ಸುರಿಯೋರು ಪೆದ್ದರು" ಎಂದು ಸಾದಾ ಮಾದರಿಯನ್ನೇ ತಂದಿದ್ದ. ಆಮೇಲೆ ಜಪಾನಿನಿಂದ ಹಡಗಿನಲ್ಲಿ ಹಾಫ್‌ಕಟ್ ಬಂತು. ಅಂಥದೇ ವೇಗದ ಕಾರನ್ನು ನಡುವಿಗೆ ಕೊಯ್ದ ಮುಂದಿನ ಅರ್ಧ ಅದು. ಅದರ ಎಂಜಿನ್ ಇದರ ಹೊಟ್ಟೆ ಸೇರಿತು. ಭಾನುವಾರದ ರೇಸಿನಲ್ಲಿ ಗೆದ್ದು ಕಪ್ ಕೂಡ ಬಂತು. ಅವತ್ತು ತಾನೂ ಚಪ್ಪಾಳೆ ತಟ್ಟಿದ್ದು ನೆನಪಾಗಿ ಇಂದ್ರಾಣಿಗೆ ಮೈಯೆಲ್ಲ ಉರಿಯಿತು.

"ಹಾಫ್‌ಕಟ್ ಜೊತೆ ದೊಡ್ಡ ಬ್ರೇಕೂ ಬಂದಿತ್ತಲ್ಲ, ಎಲ್ಲಿ?"

"ಅದು ಈ ಚಕ್ರದ ರಿಮ್ ಒಳಗೆ ಕೂರ್ಲಿಲ್ಲ ಕಣೆ. ರೇಸಿಗೆ ಬರ್ತಾನಲ್ಲ ಕೆಲ್ವಿನ್, ಅವ್ನಿಗೆ ಕೊಟ್ಟು..."

"ಕೊಟ್ಟು?"

"ಆ ರೆಕ್ಕೆ ತೊಗೊಂಡೆ."

ಡಿಕ್ಕಿಯ ಮೇಲೆ ರೇಸು ಕಾರಿನಂಥ ಕೆಂಪು ರೆಕ್ಕೆ ಥಳಥಳಿಸುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ರೇಸಿನಲ್ಲಿ ಗೆದ್ದವನಿಗೆ ನಿಲ್ಲಲು ಬೇಕಾದಷ್ಟು ಖಾಲಿ ರಸ್ತೆ ಇರುತ್ತದೆ. ಸಾನ್ ಫರ್ನಾಂಡೋದ ಇಳಿಜಾರಿನಲ್ಲಿ ತಿಂಡಿ ಗಾಡಿ ಇರುತ್ತದೆ, ಶಾಲೆಗೆ ಹೊರಟ ಮಕ್ಕಳಿರುತ್ತಾರೆ.

"ಇರೋ ಬ್ರೇಕೇ ಸಾಕು. ನಿಂಗೆ ಓಡ್ಸೋಕೆ ಬರಲ್ಲ, ಅಷ್ಟೇ" ಎಂದ ಹರೇಶ್.

ಇಂದ್ರಾಣಿ ಇಳಿದಳು. ಮಗಳನ್ನು ಕೈಹಿಡಿದು ಇಳಿಸಿ, ತಂದು ತಿಂಡಿ ಗಾಡಿಯ ಪಕ್ಕ ನಿಲ್ಲಿಸಿಕೊಂಡಳು. ಕೀಲಿಕೈಯನ್ನು ಗಂಡನ ಎದೆಗೆ ಎಸೆದಳು.

"ಹಾಗಾದ್ರೆ ಮೇಲಕ್ಕೆ ಹೋಗು. ನಾನು ಬಂದ ಹಾಗೇ ಇಳಿದು ಬಾ. ನಾನೂ ನಿನ್ನ ಮಗಳೂ ಇಲ್ಲೇ, ಈ ಗಾಡಿ ಮುಂದೆ ನಿಂತಿರ್ತೀವಿ. ಬಂದು ನಿಲ್ಸು."

"ಹುಚ್ಚು ಹಿಡೀತಾ ನಿಂಗೆ?"

"ಸಾಕು ಅಂದ್ಯಲ್ಲ? ಹೋಗು!"

ಹರೇಶ್ ಇಳಿಜಾರಿನ ತುದಿ ನೋಡಿದ. ಅಂಜನಿಯನ್ನು ನೋಡಿದ. ಕೀಲಿಕೈಯನ್ನು ಬೆರಳಿನಲ್ಲಿ ತಿರುಗಿಸುತ್ತಲೇ ನಿಂತ.

ಮರ್ಲ್ ಟ್ಯಾಂಟಿ ಅವನ ತೀರ್ಮಾನಕ್ಕೆ ಕಾಯಲಿಲ್ಲ. ಸೌಟನ್ನು ಪಾತ್ರೆಗೆ ಹಾಕಿ, ಚಕ್ರಕ್ಕೆ ಕೊಟ್ಟಿದ್ದ ಕಲ್ಲನ್ನು ಒದ್ದು, ತನ್ನ ಗಾಡಿಯನ್ನು ಕಾರಿನ ದಾರಿಯಿಂದ ಪಕ್ಕಕ್ಕೆ ತಳ್ಳತೊಡಗಿದಳು.