ಎರಡು ಸೈಕಲ್ಲಿನ ಸ್ಟ್ಯಾಂಡು

ಅಂಗಡಿಯ ಮುಂದೆ, ಕೊಳ್ಳುವ ಮುಂಚೆ ನೋಡಲೆಂದು ಕಾರಿನ ಬೆನ್ನಿಗೆ ಕಟ್ಟಿದ್ದ ಸೈಕಲ್ ಸ್ಟ್ಯಾಂಡಿನ ಪಟ್ಟಿಯನ್ನು ಗಂಡ ಮೈಭಾರ ಹಾಕಿ ಜಗ್ಗಿದ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಇಪ್ಪತ್ತು ವರ್ಷ ಲಾರಿಗಳಿಗೆ ಲೋಡು ಕಟ್ಟಿದ ಕೈ ಅದು. ಎಲ್ಲಿ ಸಡಿಲವಿದ್ದರೂ ಮುಟ್ಟಿದ ಕೂಡಲೇ ತಿಳಿಯುತ್ತಿತ್ತು.

"ಇದೇ ಇರ್ಲಿ. ಮೂರು ಸೈಕಲ್ ಹಿಡಿಯುತ್ತೆ."

"ಬೇಡ, ಎರಡು ಹಿಡಿಯೋದು ಸಾಕು. ಅಗ್ಗಾನೂ ಆಯ್ತು," ಎಂದಳು ಮಗಳ ಪಕ್ಕ ನಿಂತಿದ್ದ ಹೆಂಡತಿ.

"ಮತ್ತೆ ನಾನೇನು ಕಾರಿನ ಹಿಂದೆ ಓಡಿ ಬರ್ಲಾ?"

ಅಂಗಡಿಯವನು ನಕ್ಕ. ಅವಳು ನಗಲಿಲ್ಲ, ಚಿಕ್ಕ ಸ್ಟ್ಯಾಂಡಿನ ಬೀಗವನ್ನು ಎರಡೆರಡು ಸಲ ಎಳೆದು ನೋಡಿದಳು.

ಬೀಗಕ್ಕೆ ಎರಡು ಕೀಲಿಕೈ. ಒಂದಕ್ಕೆ ಗಂಡ ಕೈಯೊಡ್ಡಿದ. ಅವಳು ಒಂದನ್ನು ತನ್ನ ಗೊಂಚಲಿಗೆ ಸೇರಿಸಿ, ಇನ್ನೊಂದನ್ನು ಮಗಳಿಗೆ ಕೊಟ್ಟಳು. ಮಗಳು ಅಪ್ಪನ ಮುಖ ನೋಡದೆ ಅದನ್ನು ಜೇಬಿಗಿಳಿಸಿದಳು.

ಅವನನ್ನು ಬಿಟ್ಟು ತಾವಿಬ್ಬರೇ ಹೊರಡುವುದು ಮಗಳಿಗೂ ಗೊತ್ತಿತ್ತು. ಒಡ್ಡಿದ ಕೈಗೆ ಬೇರೆ ಕೆಲಸ ತೋಚದೆ, ಅವನು ಕೊಳ್ಳದ ಸ್ಟ್ಯಾಂಡಿನ ಪಟ್ಟಿಯನ್ನೇ ಇನ್ನೊಮ್ಮೆ ಬಿಗಿದ.