ಹಳೇ ಪರಿಚಯ

ಊರಿಗೆಲ್ಲ ಮೊದಲ ಲಸಿಕೆ ಹಾಕಿದ ಮರುದಿನ ಬೆಳಿಗ್ಗೆ ನಮ್ಮತ್ತೆ ನನ್ನ ಹಣೆ ಮುಟ್ಟಿ ನೋಡಿದರು. ರೋಗಕ್ಕೆ ಹೆದರಿ ಗೋಡೆ ಕಟ್ಟಿಕೊಂಡ ಈ ಊರಿನಲ್ಲಿ ಈಗ ಎಲ್ಲರೂ ಎಲ್ಲರ ಹಣೆ ಮುಟ್ಟುತ್ತಾರೆ. ಮೊದಲ ಸೂಜಿಗೆ ತೋಳು ನೋಯುವುದು ಸಹಜ. ಮೈ ಸುಡುವ ಜ್ವರವೇ ಬಂದರೆ ಮಾತ್ರ ಆ ಮೈಗೆ ರೋಗದ ಹಳೇ ಪರಿಚಯ ಇದೆ, ಅವರು ಹೊರಗಿನವರನ್ನು ಕದ್ದು ಕಂಡಿದ್ದಾರೆ ಎಂದೇ ಲೆಕ್ಕ. ಅಂಥವರನ್ನು ಸಂಜೆಯೊಳಗೆ ಗೋಡೆಯಾಚೆ ದಬ್ಬುತ್ತಾರೆ. ಗೋಡೆ ಎದ್ದಾಗ ಪೇಟೆಗೆ ಹೋಗಿದ್ದ ನನ್ನ ಗಂಡ ಆಚೆಯೇ ಉಳಿದುಬಿಟ್ಟರು.

“ತಣ್ಣಗ ಐತಲ್ಲ,” ಅತ್ತೆ ಕೌದಿ ಹೊದ್ದುಕೊಂಡೇ ಗುರುಗುಟ್ಟಿದರು. “ಜ್ವರ ಮುಚ್ಚಾಕ ಗುಳಿಗಿ ನುಂಗೀಯೇನ?”

“ಇಲ್ರಿ ಅತ್ತಿ. ನಿಮ್ಮ ಕೈನ ಸುಡಾಕತ್ತೈತ್ರಿ.”

ಅವರು ಕೈಯನ್ನು ಕೌದಿಯೊಳಗೆ ಎಳೆದುಕೊಂಡರು. ದನಕ್ಕೆಂದು ಅವರು ದಿನಾ ಗೋಡೆಯ ಕಡೆ ಒಯ್ಯುತ್ತಿದ್ದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ನನಗೆ ನೆನಪಾಯಿತು. ದನ ಚಟ್ನಿ ತಿನ್ನುವುದಿಲ್ಲ.

ಪಕ್ಕದ ಮನೆಗೆ ತಪಾಸಣೆಯವರು ಬಂದ ಸದ್ದಾಯಿತು. ನಾನು ಬಾಗಿಲಿನ ಅಗುಳಿ ಹಾಕಿ, ಜ್ವರದ ಗುಳಿಗೆಯನ್ನೂ ನೀರನ್ನೂ ಅತ್ತೆಯ ಕೈಗಿಟ್ಟೆ. ಆಮೇಲೆ ಮೆಲ್ಲಗೆ ಕೇಳಿದೆ.

“ಗೋಡಿ ಆಚಿ ಅವರು ಆರಾಮ ಅದಾರೇನ್ರಿ?”